ಟಬ್ಬಿನಲ್ಲಿದ್ದ ಮರಿಗಳು

ಜಯನಗರದ ಆ ಮನೆಯ ಮಹಡಿಗೆ ಸುಧಾಮಣಿ ಮತ್ತು ಅವಳ ಗಂಡ ನರೇಂದ್ರ ಬಾಡಿಗೆಗೆ ಬಂದಾಗ, ಕೆಳಗಿದ್ದ ಮನೆಯೊಡತಿ ಸತ್ಯಭಾಮಾ ಇವರ ಸಾಮಾನಿನಲ್ಲಿ ಮೆಚ್ಚಿದ್ದು ಅಕ್ವೇರಿಯಂ ಒಂದನ್ನೇ.

"ಗೋಲ್ಡ್ ಫಿಶ್ ಮನೇಲಿದ್ರೆ ಒಳ್ಳೇದಂತೆ ಕಣಮ್ಮ. ಮರಿಯಾದ್ರೆ ನಮಗೂ ಎರಡು ಕೊಡು," ಎಂದಿದ್ದರು.

ಮಾರನೆಯ ದಿನ ಅವರಿಗೆ ಗೋಡೆಯ ಮೇಲೆ ಬುದ್ಧನ ಪಟ ಕಂಡಿತು. ಆಮೇಲೆ ಅವರು ಮಹಡಿ ಹತ್ತಲಿಲ್ಲ, ಎದುರಾದರೆ ಮಾತಾಡಲಿಲ್ಲ. ಪಟದಿಂದಲೇ ತಮ್ಮ ಜಾತಿ ಊಹಿಸಿದ್ದಾರೆಂದು ಸುಧಾಮಣಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅವಳು ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದಳು. ಗೋಲ್ಡ್ ಫಿಶ್ ತಣ್ಣೀರಿನ ಮೀನು. ಚಳಿ ಕಳೆದು ನೀರು ತುಸು ಬೆಚ್ಚಗಾಗುವಾಗ ಮೊಟ್ಟೆಯಿಡುತ್ತದೆ. ಹಿಂದಿನ ವರ್ಷಗಳಲ್ಲಿ ಅವಳು ಕಾದದ್ದಷ್ಟೇ ಬಂತು. ಈ ಫೆಬ್ರವರಿಯಲ್ಲಿ ಗಂಡುಮೀನಿನ ಕಿವಿರಿನ ಮೇಲೆ ಬೆದೆಯ ಗುರುತಾದ ಬಿಳಿ ಚುಕ್ಕೆಗಳೆದ್ದವು. ಒಂದು ಬೆಳಿಗ್ಗೆ ಅದು ಹೆಣ್ಣನ್ನು ಟ್ಯಾಂಕ್ ತುಂಬ ಅಟ್ಟಾಡಿಸಿತು. ನೀರಿನ ಗಿಡದ ಎಲೆಗಳಿಗೆ ಗಸಗಸೆಯಂಥ ಮೊಟ್ಟೆಗಳು ಅಂಟಿಕೊಂಡವು. ದೊಡ್ಡ ಮೀನುಗಳೇ ತಿಂದುಬಿಡುತ್ತವೆಂದು ಅವಳು ಗಿಡವನ್ನು ಎತ್ತಿ, ಅದೇ ನೀರು ತುಂಬಿದ ಟಬ್ಬಿಗೆ ಹಾಕಿ, ಬಾಗಿಲ ಹೊರಗೆ ಮೆಟ್ಟಿಲ ಬಳಿಯ ನೆರಳಿನಲ್ಲಿಟ್ಟಳು. ಕೆಲವು ದಿನಗಳಲ್ಲಿ ಎಳ್ಳಿಗೆ ಬಾಲ ಬಂದಂಥ ಮರಿಗಳು ಈಜಾಡತೊಡಗಿದವು.

ಅಷ್ಟು ಎಳೆಯ ಮರಿಗಳಿಗೆ ಬೆಂದ ಮೊಟ್ಟೆಯ ಹಳದಿಯನ್ನು ತೆಳುಬಟ್ಟೆಯಲ್ಲಿ ಹಿಂಡಿ ಕೊಡಬೇಕು. ಅವಳು ಒಲೆಯ ಮೇಲೆ ಮೊಟ್ಟೆಯಿಟ್ಟ ದಿನವೇ ಸತ್ಯಭಾಮಾ ವಾಸನೆ ಹಿಡಿದು ಮೇಲೆ ಬಂದರು.

"ಮೊಟ್ಟೆ ಬೇಯಿಸ್ತಿದೀರಾ?"

"ಮೀನಿನ ಮರಿಗೆ, ಆಂಟಿ."

"ಅದರ ಹೆಸರು ಹೇಳ್ಕೊಂಡು ನೀವು ತಿನ್ನಲ್ವಾ?"

"ತಿಂತೀವಿ. ತಿನ್ನಬಾರದು ಅಂತ ನೀವು ಹೇಳಿರ್ಲಿಲ್ಲ."

"ಆ ಪಟ ನೋಡಿದಾಗ್ಲೇ ಕಳಿಸ್ಬೇಕಿತ್ತು ನಿಮ್ಮನ್ನ."

"ಪಟ ನೋಡಿ ನಿಮಗೇನು ಗೊತ್ತಾಯ್ತೋ ಅದನ್ನ ಬಾಯ್ಬಿಟ್ಟು ಹೇಳಿ."

ಸತ್ಯಭಾಮಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದುಹೋದರು.

"ಸುಮ್ನಿರು, ಇನ್ನೊಂದು ಮನೆ ಸಿಗೋದು ಎಷ್ಟು ಕಷ್ಟ ಗೊತ್ತಲ್ಲ," ಎಂದ ನರೇಂದ್ರ.

"ಅವರಿಗೂ ಗೊತ್ತು. ಅದಕ್ಕೇ ಆ ಧೈರ್ಯ."

ಆ ವಾರದಲ್ಲೇ ಒಂದು ಸಂಜೆ ಕಾಲೇಜಿನಿಂದ ಬಂದಾಗ ಟಬ್ಬನ್ನು ತೊಳೆದು ಬೋರಲು ಹಾಕಲಾಗಿತ್ತು. ಸುಧಾಮಣಿ ಚಪ್ಪಲಿಯನ್ನೂ ಬಿಡದೆ ಕೆಳಗಿನ ಹಾಲಿಗೆ ನುಗ್ಗಿದಳು. ಸತ್ಯಭಾಮಾರ ಗಂಡ ರಾಮಪ್ರಸಾದರು ಪೇಪರಿನಿಂದ ತಲೆಯೆತ್ತಲಿಲ್ಲ.

"ಸೊಳ್ಳೆ ಹುಳ ಆಗಿತ್ತು. ಡೆಂಗ್ಯೂ ಬರುತ್ತೆ. ಮೋರಿಗೆ ಚೆಲ್ಲಿದೆ," ಎಂದರು ಸತ್ಯಭಾಮಾ.

"ಮೀನಿನ ಮರಿ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಏನೀಗ?"

"ಎರಡು ಕೊಡು ಅಂದಿದ್ರಿ. ಎಲ್ಲಾನೂ ತಗೊಂಡ್ರಿ. ಮನೆ ಖಾಲಿ ಮಾಡ್ತೀವಿ. ಅಲ್ಲೀವರೆಗೂ ದಿನಾ ಮೊಟ್ಟೆ ಬೇಯಿಸ್ತೀನಿ, ಕಿಟಕಿ ತೆಗೆದಿಟ್ಟು."

ಹಾಗೆಯೇ ಮಾಡಿದಳು. ಕೆಳಗಿನವರು ಮಹಡಿಯ ನೀರು ನಿಲ್ಲಿಸಿದರು. ಆಗ, ಜಗಳವೇ ಬೇಡವೆನ್ನುತ್ತಿದ್ದ ನರೇಂದ್ರನೇ ಕೆಳಗಿಳಿದು, "ನೀರು ಬಿಡಿ, ಇಲ್ಲಾಂದ್ರೆ ಸ್ಟೇಷನ್‌ಗೆ ಹೋಗ್ತೀನಿ" ಎಂದ. ನೀರು ಬಂತು. ಮನೆ ಹುಡುಕುತ್ತ ಹೋದ ಕಡೆಯೆಲ್ಲ 'ನೀವು ಯಾವ ಜನ' ಎಂಬ ಪ್ರಶ್ನೆ ಕೇಳಿ ಕೇಳಿ, ಕೊನೆಗೆ ವಸಂತಪುರದಲ್ಲಿ ಒಂದು ಸಿಕ್ಕಿತು.

ಅಷ್ಟರಲ್ಲಿ ಮೀನು ಇನ್ನೊಮ್ಮೆ ಮೊಟ್ಟೆಯಿಟ್ಟಿತ್ತು. ಈ ಸಲ ಟಬ್ಬು ಬೀಗ ಹಾಕಿದ ಕೋಣೆಯೊಳಗಿತ್ತು.

ಹೊರಡುವ ದಿನ ಮರಿಗಳ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಧಾಮಣಿ ಟೆಂಪೋದಲ್ಲಿ ಕುಳಿತಿದ್ದಳು. ಸತ್ಯಭಾಮಾ ಗೇಟಿಗೆ ಬಂದರು.

"ಅಡುಗೆಮನೆ ತೊಳೆದುಕೊಟ್ಟು ಹೋಗಿ."

"ಗುಡಿಸಿದೀನಿ. ತೊಳೆಯೋ ಚಾಳಿ ನಿಮ್ಮದು, ನೀವೇ ತೊಳ್ಕೊಳ್ಳಿ."

ಕನಕಪುರ ರಸ್ತೆಯ ಕುಲುಕಾಟಕ್ಕೆ ಮರಿಗಳಲ್ಲಿ ಅರ್ಧ ಸತ್ತವು. ಹೊಸ ಮನೆಯಲ್ಲಿ ಗಂಟುಮೂಟೆ ಬಿಚ್ಚುವ ಮೊದಲೇ ಅವಳು ಕೂತು ಸತ್ತವನ್ನು ಚಮಚದಲ್ಲಿ ಎತ್ತಿ ಹೊರಹಾಕಿದಳು. ಉಳಿದವು ನೀರಿನ ತಳ ಸೇರಿ ಅಲುಗಾಡದೆ ನಿಂತಿದ್ದವು.

"ಇನ್ನಾದ್ರೂ ಅವರನ್ನ ಮರೆತುಬಿಡು," ಎಂದ ನರೇಂದ್ರ.

"ಯಾಕೆ ಮರೀಬೇಕು?" ಎಂದಳು ಅವಳು, ಚಮಚ ಕೆಳಗಿಡದೆ.