ಕಿವಿ ಮೇಸ್ತ್ರಿ ಬೇಡವೆಂದ ಇಟ್ಟಿಗೆ

ಎರಡು ಇಟ್ಟಿಗೆ ತಾಗಿಸಿ, ಸದ್ದು ಕೇಳಿಯೇ ಗಟ್ಟಿಯೋ ಪೊಳ್ಳೋ ಹೇಳುತ್ತಿದ್ದುದರಿಂದ ಮುದುಕರಿಗೆ ಕಿವಿ ಮೇಸ್ತ್ರಿ ಎಂಬ ಹೆಸರು ಅಂಟಿತ್ತು. ಹೆಸರು ಉಳಿಯಿತು, ಕಿವಿ ಉಳಿಯಲಿಲ್ಲ. ಎರಡು ವರ್ಷದಿಂದ ಪಕ್ಕದಲ್ಲೇ ಲಾರಿ ಜಲ್ಲಿ ಸುರಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಮಗಳೊಬ್ಬಳಿಗೆ. ಉಳಿದವರ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದರು. ಇಟ್ಟಿಗೆಯನ್ನು ಉಗುರಿನಿಂದ ಗೀರಿ, ಕೈಯಲ್ಲಿ ತೂಗಿ, ಕಿವಿಯ ಹೆಸರಲ್ಲಿ ತೀರ್ಪು ಕೊಡುತ್ತಿದ್ದರು. ಆ ತೀರ್ಪು ಒಮ್ಮೆಯೂ ತಪ್ಪಿರಲಿಲ್ಲ.

ನಲವತ್ತು ಬಡ ಕುಟುಂಬಗಳು ಸಂಘ ಕಟ್ಟಿಕೊಂಡು ಮನೆ ಎಬ್ಬಿಸಲು ಹೊರಟಾಗ ಇವರನ್ನೇ ಕರೆದರು. ಇಟ್ಟಿಗೆ ಆರಿಸುವುದೂ ಗೋಡೆ ಮುಗಿಯುವ ತನಕ ಉಸ್ತುವಾರಿಯೂ ಇವರದೇ ಎಂದರು. ಎಪ್ಪತ್ತರ ವಯಸ್ಸಿನಲ್ಲಿ ಇನ್ನೊಂದು ಕೆಲಸ ಸಿಗುವುದಿಲ್ಲವೆಂದು ಮುದುಕರಿಗೆ ಗೊತ್ತಿತ್ತು.

ಸಂಘದ ಮೇಜಿನ ಮೇಲೆ ಮೂರು ಬಗೆಯ ಇಟ್ಟಿಗೆ ಇಟ್ಟಿದ್ದರು. ಅದರಲ್ಲಿ ಕಲ್ಲಿದ್ದಲ ಬೂದಿಯಿಂದ ಮಾಡಿದ ಬೂದಿ ಇಟ್ಟಿಗೆ ಮುದುಕರ ಅಳಿಯನದು.

"ಸುಟ್ಟ ಇಟ್ಟಿಗೆ ಗಟ್ಟಿ. ಆದ್ರೆ ಸೌದೆ ತಿನ್ನುತ್ತೆ, ಬೆಲೆನೂ ಜಾಸ್ತಿ," ಎಂದರು ಮುದುಕರು. "ಈ ಒತ್ತಿದ ಮಣ್ಣಿಂದು ತಗೊಳ್ಳಿ. ಪಾಯ ತೋಡಿದ ಮಣ್ಣು, ಒಂಚೂರು ಸಿಮೆಂಟು, ನಿಮ್ಮದೇ ಕೈ. ಇನ್ನೇನು ಬೇಕು?"

"ಬೂದಿದು?" ಎಂದರು ಕಾರ್ಯದರ್ಶಿಯಮ್ಮ.

"ಬೂದಿ ಇಟ್ಟಿಗೇಲಿ ತಪ್ಪಿಲ್ಲಮ್ಮ, ಇದರಲ್ಲಿದೆ. ಸರಿಯಾಗಿ ನೀರು ಕುಡಿಸದೆ ಅವಸರದಲ್ಲಿ ತಂದಿದ್ದಾರೆ."

ಅಳಿಯ ನಗುತ್ತಲೇ ಎದ್ದ. "ಬಾಯಿಮಾತು ಯಾಕೆ ಮಾವಾ? ಸದ್ದು ಕೇಳಿ ಹೇಳಿ."

ಎರಡು ಬೂದಿ ಇಟ್ಟಿಗೆ ಎತ್ತಿ ಬೀಸಿದ. ಮುದುಕರು ಎಂದಿನಂತೆ ಗತ್ತಿನಿಂದ ಕಣ್ಣು ಮುಚ್ಚಿದರು. ಆ ಗತ್ತೇ ಮುಳುವಾಯಿತು.

"ಒಡಕು ಮಡಕೆ ಸದ್ದು. ಪೂರಾ ಪೊಳ್ಳು!"

ಕಣ್ಣು ತೆರೆದಾಗ ಅಳಿಯನ ಕೈಯಲ್ಲಿ ಇಟ್ಟಿಗೆಗಳು ಬೆರಳಗಲ ದೂರದಲ್ಲೇ ನಿಂತಿದ್ದವು. ಅವನು ಅವನ್ನು ತಾಗಿಸಿಯೇ ಇರಲಿಲ್ಲ. ಎಲ್ಲರ ಬಾಯಿಯೂ ಅಗಲವಾಗಿ ತೆರೆದಿತ್ತು, ಹಲ್ಲು ಕಾಣುತ್ತಿತ್ತು. ನೋಟವೆಲ್ಲ ತಮ್ಮ ಬೆನ್ನ ಹಿಂದಿದೆ ಎಂದು ತಿಳಿದು ತಿರುಗಿದರೆ, ಅಲ್ಲೊಬ್ಬ ಕರಣೆಯಿಂದ ಬಾಂಡ್ಲಿ ಬಡಿಯುತ್ತಿದ್ದ. ಎಷ್ಟು ಹೊತ್ತಿನಿಂದಲೋ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಐವತ್ತು ವರ್ಷದ ಹೆಸರು ಹೋಗಲು ಅಷ್ಟೂ ಹಿಡಿಯಲಿಲ್ಲ.

"ಕಿವಿ ಬಿಡ್ರಪ್ಪ! ಉಗುರು ಹಾಕಿ ನೋಡಿ!" ಎಂದು ಮುದುಕರು ಬೂದಿ ಇಟ್ಟಿಗೆಯನ್ನು ಕೆರೆದರು. ಮೂಲೆಯೇ ಪುಡಿಯಾಗಿ ಮೇಜಿನ ಮೇಲೆ ಉದುರಿತು. ಕಾರ್ಯದರ್ಶಿಯಮ್ಮ ಪುಡಿಯನ್ನು ಬಟ್ಟೆಯಿಂದ ಒರೆಸಿ, ಆ ಜಾಗದಲ್ಲೇ ಪುಸ್ತಕ ಬಿಚ್ಚಿಟ್ಟು, ನಲವತ್ತು ಮನೆಗೂ ಬೂದಿ ಇಟ್ಟಿಗೆ ಎಂದು ಬರೆದರು. ಉಸ್ತುವಾರಿಗೆ ಅಳಿಯನ ಹೆಸರು ಬಿತ್ತು.

ಹೊರಗೆ ಮರಳಿನ ರಾಶಿಯ ಪಕ್ಕ ಮಗಳು ನಿಂತಿದ್ದಳು. ಮುದುಕರಿಗೆ ಅವಳ ಮುಖ ನೋಡಲು ಭಯವಾಯಿತು, ಆದರೂ ನೋಡಿದರು.

"ನೀನೇ ಹೇಳಿದ್ಯಾ ಅವನಿಗೆ?"

ಅವಳು ಬೆಳಕಿಗೆ ಮುಖಮಾಡಿ, ಅಪ್ಪನಿಗೆ ತುಟಿ ಚೆನ್ನಾಗಿ ಕಾಣುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಹೌದಪ್ಪಾ. ನೀನು ಬೇಡ ಅಂತೀಯ ಅಂತ ಗೊತ್ತಿತ್ತು. ನಮ್ಮ ಇಟ್ಟಿಗೆ ಮಾರಿ ಹೋಗ್ಬೇಕಿತ್ತು."

ಮುದುಕರು ಅವಳ ತುಟಿಯನ್ನೇ ನೋಡುತ್ತಿದ್ದರು. ಅವರಿಗೆ ತಿಳಿಯಲಿಲ್ಲವೇನೋ ಎಂದುಕೊಂಡು ಅವಳು ಹತ್ತಿರ ಬಂದು, ಕೈ ಹಿಡಿದು, ಅದನ್ನೇ ಇನ್ನೊಮ್ಮೆ ನಿಧಾನವಾಗಿ ಹೇಳಿದಳು.