ಮೆಟ್ಟಿಲ ಬಳಿ ಬಿಚ್ಚಿದ ಟೈರು

ಅವಳು ಶಾಲೆ ಮಕ್ಕಳನ್ನು ಕರೆತರುವ ಕಾರು ಓಡಿಸುತ್ತಿದ್ದಳು. ಹರಿದ ಟೈರಿನ ಚಕ್ರ ಹೊತ್ತು ಬೆಳಿಗ್ಗೆಯೇ ಅಂಗಡಿಗೆ ಹೋದರೆ ಟೈರಿನವನು ಎರಡು ಗಂಟೆ ಕಾಯಿಸಿದ. ಅವಳ ನಂತರ ಬಂದ ಗಂಡಸರ ಕೆಲಸವೆಲ್ಲ ಮುಗಿಯಿತು. ಕೊನೆಗೆ ಚಕ್ರವನ್ನು ಕಾಲಲ್ಲೇ ಪಕ್ಕಕ್ಕೆ ತಳ್ಳಿ, "ಮನೇಲಿ ಗಂಡಸರಿದ್ರೆ ಕಳಿಸಮ್ಮ, ಅವರ ಹತ್ರ ಮಾತಾಡ್ತೀನಿ" ಅಂದ.

"ಬೇಡ ಬಿಡಿ. ನಾನೇ ಬಿಚ್ಕೋತೀನಿ."

"ದಿಂಬಿನ ಕವರ್ ಅಂದ್ಕೊಂಡ್ಯಾ?"

ಅಂಗಡಿಯೆಲ್ಲ ಗೊಳ್ಳೆಂದಿತು. ಅವಳು ಚಕ್ರ ಎತ್ತಿ ನಿಲ್ಲಿಸಿ, ಬೀದಿಯ ನಟ್ಟನಡುವೆ ಉರುಳಿಸುತ್ತಾ ಮನೆಗೆ ನಡೆದಳು.

ಹೊಸ ಟೈರು ಮನೆಯಲ್ಲೇ ಇತ್ತು. ಹಳೆಯದನ್ನು ರಿಮ್ಮಿನಿಂದ ಬಿಡಿಸುವುದೇ ದೊಡ್ಡ ಕೆಲಸ. ವಾಲ್ವು ಬಿಚ್ಚಿ ಉಳಿದ ಗಾಳಿ ಬಿಟ್ಟಳು, ಸೋಪಿನ ನೀರು ಸವರಿದಳು, ಸುತ್ತಿಗೆಯಿಂದ ಬಡಿದಳು. ರಿಮ್ಮನ್ನು ಕಚ್ಚಿಕೊಂಡ ಟೈರಿನ ಅಂಚು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ನನ್ನ ಮಗ ಊರಿಂದ ಬರೋವರೆಗೆ ತಡ್ಕೋಬಾರದಾ?" ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು.

"ಕಾರು ಓಡಿಸೋದು ನಾನು ಅತ್ತೆ. ಪ್ರತಿ ಸಲ ಅವರನ್ನ ಮುಂದೆ ಇಟ್ಕೊಂಡು ಹೋಗ್ಲಾ?"

ಅವಳು ಉದ್ದದ ಹಲಗೆ ತಂದು, ಒಂದು ತುದಿಯನ್ನು ಕಲ್ಲಿನ ಮೆಟ್ಟಿಲ ಕೆಳಗಿನ ಸಂದಿಗೆ ತೂರಿಸಿದಳು. ಚಕ್ರವನ್ನು ಹಲಗೆಯಡಿ ಮಲಗಿಸಿ, ರಿಮ್ಮಿನ ಪಕ್ಕದಲ್ಲೇ ಟೈರಿನ ಮೇಲೊಂದು ಮರದ ತುಂಡಿಟ್ಟು, ಅದರ ಮೇಲೆ ಹಲಗೆ ಬರುವಂತೆ ಮಾಡಿ ಇನ್ನೊಂದು ತುದಿಯನ್ನು ಮೆಟ್ಟಿ ನಿಂತಳು. ಹಲಗೆ ಬಾಗಿತು, ಟೈರು ಮಾತ್ರ ಬಗ್ಗಲಿಲ್ಲ.

"ಕಡ್ಡಿ ಹಾಗಿದ್ದೀಯ, ನಿನ್ನಿಂದೇನಾಗುತ್ತೆ! ಸರಿ ಆಚೆ," ಎನ್ನುತ್ತಾ ಅತ್ತೆ ಬಂದರು. ಅವರು ಆಳು ಭಾರಿ. ಸೊಸೆಯ ಹೆಗಲು ಹಿಡಿದು ಹಲಗೆಯ ತುದಿಯಲ್ಲಿ ಧೊಪ್ಪನೆ ಕುಳಿತರು.

ಟಪ್ಪೆಂದು ಅಂಚು ಬಿಟ್ಟಿತು. ಅತ್ತೆ ನೆಲಕ್ಕೆ ಜಾರಿ, ಬಿದ್ದಲ್ಲೇ ನಗತೊಡಗಿದರು.

"ಪೆಟ್ಟಾಯ್ತಾ?"

"ಆಗ್ಲಿ ಬಿಡು. ತಿರುಗಿಸು, ಆ ಕಡೇದೂ ನಾನೇ ಬಿಡಿಸ್ತೀನಿ."

ಎರಡೂ ಕಡೆ ಸಡಿಲವಾದ ಮೇಲೆ, ಅವಳು ಒಂದು ಬದಿ ಮಂಡಿಯೂರಿ ಅದುಮಿ, ಎದುರು ಬದಿಯಲ್ಲಿ ಎರಡು ಚಪ್ಪಟೆ ಸರಳು ತೂರಿಸಿ ಗೇಣು ಗೇಣಾಗಿ ಮೀಟುತ್ತಾ ಹೋದಳು. ಒಮ್ಮೆ ಸರಳು ಚಿಮ್ಮಿ ಬೆರಳಗಂಟು ತರಚಿತು. ರಕ್ತ ಒರೆಸಿಕೊಂಡು ಮತ್ತೆ ಮೀಟಿದಳು. ಮಧ್ಯಾಹ್ನದ ಹೊತ್ತಿಗೆ ಟೈರು ಅಂಗಳದಲ್ಲಿ ಬೇರೆ ಬಿದ್ದಿತ್ತು, ರಿಮ್ಮು ಬೇರೆ.

ಹೊಸದು ಅಷ್ಟು ಸತಾಯಿಸಲಿಲ್ಲ. ಪಕ್ಕದ ಮನೆಯ ಪೇಂಟರು ಬಣ್ಣ ಹೊಡೆಯುವ ಕಂಪ್ರೆಸರ್ ತಂದು ಗಾಳಿ ತುಂಬಿಸಿಕೊಟ್ಟರು.

ಅವಳು ಚಕ್ರ ಜೋಡಿಸಿ ಕಾರು ಹೊರಡಿಸುವಷ್ಟರಲ್ಲಿ ಅತ್ತೆ ಮುಂದಿನ ಸೀಟಿನಲ್ಲಿದ್ದರು.

"ನೀವೆಲ್ಲಿಗೆ?"

"ಹಳೇದು ಕಳಚಿದ್ದು ನಾನು. ಹೊಸದು ಹೇಗೆ ಓಡುತ್ತೆ ಅಂತ ನೋಡ್ಬೇಡ್ವಾ?"

ಶಾಲೆ ಬಿಡುವ ಗಂಟೆ ಹೊಡೆದಾಗ ಅವರಿಬ್ಬರೂ ಗೇಟಿನ ಮುಂದಿದ್ದರು.