ಖಾಜಾ ಪೀರ್ ತಿರುಗಿದ ದಿಕ್ಕು

ಖಾಜಾ ಪೀರ್‌ನ ಶವವಿದ್ದ ಜನಾಜಾ ಎತ್ತಲು ನಾಲ್ವರು ಬಗ್ಗಿದ್ದರು. ಅಷ್ಟರಲ್ಲಿ ಒಳಬಾಗಿಲ ಪರದೆಯ ಹಿಂದಿನಿಂದ ಅವನ ಹೆಂಡತಿ ಖಾಜಾಬೀ, "ನಿಲ್ಲಿ, ಎತ್ತಬೇಡಿ. ನಂಗೊಂದು ಮಾತು ಕೇಳ್ಬೇಕು," ಎಂದಳು.

ನಾಲ್ವರೂ ನೆಟ್ಟಗಾದರು. ಮಗ ಹಸ್ನೈನ್ ಗಡಿಯಾರ ನೋಡಿಕೊಂಡ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಸೀದಿ ತಲುಪಬೇಕು. ಭದ್ರಾವತಿಯ ಆ ಗಲ್ಲಿಯಲ್ಲಿ ಆಗಲೇ ಕಾಲಿಡಲು ಜಾಗವಿರಲಿಲ್ಲ.

"ಅಮ್ಮೀ, ಆಮೇಲೆ ಕೇಳಬಹುದಲ್ವಾ?"

"ಮಣ್ಣು ಮಾಡಿದ ಮೇಲೆ ಕೇಳಿ ಏನು ಮಾಡ್ಲಿ? ಹಜರತ್, ನೀವೇ ಹೇಳಿ. ನಮ್ಮ ಯಜಮಾನ್ರು ಎರಡು ವರ್ಷದಿಂದ ಮಕ್ಕಾ ಕಡೆ ಬಿಟ್ಟು ಎಲ್ಲೆಲ್ಲಿಗೋ ತಿರುಗಿ ನಮಾಜ್ ಮಾಡಿದ್ರು. ಅದು ಆಯ್ತೋ, ಇಲ್ವೋ?"

ನಮಾಜಿಗೆ ಮುಖ ಮಾಡಬೇಕಾದ ಮಕ್ಕಾ ಈ ಸೀಮೆಗೆ ಪಶ್ಚಿಮದಲ್ಲಿದೆಯೆಂದು ಮಕ್ಕಳಿಗೂ ಗೊತ್ತು. ಮಸೀದಿಯ ಹಜರತ್ ಗಡ್ಡ ನೀವಿಕೊಂಡರು.

"ಬುದ್ಧಿ ಮಂಕಾದವರನ್ನ ದೇವರು ಲೆಕ್ಕ ಕೇಳಲ್ಲ ಅಮ್ಮಾ. ಧೈರ್ಯವಾಗಿರಿ."

"ಲೆಕ್ಕಾನೇ ಕೇಳಲ್ಲ ಅಂದ್ರೆ, ಮಾಡಿದ್ದೂ ಲೆಕ್ಕಕ್ಕಿಲ್ಲ ಅಂತಲೇ ಆಯ್ತಲ್ಲ!"



*

ಖಾಜಾ ಪೀರ್‌ನ ಮರೆವು ಶುರುವಾದದ್ದು ಚಹಾದಿಂದ. ಕುಡಿದ ಲೋಟ ಕೈಯಲ್ಲಿರುವಾಗಲೇ ಚಹಾ ಕೊಟ್ಟಿಲ್ಲವೆಂದು ಜಗಳ ತೆಗೆಯುತ್ತಿದ್ದ. ಅದನ್ನು ಖಾಜಾಬೀ ನಕ್ಕು ಸಹಿಸಿದಳು. ಆದರೆ ಒಂದು ಮುಂಜಾವ ಅವನು ನಮಾಜಿನ ಚಾಪೆಯನ್ನು ಅಡುಗೆಮನೆಯ ಕಡೆ, ನೇರ ಪೂರ್ವಕ್ಕೆ ಹಾಸಿ ನಿಂತಾಗ ಅವಳಿಗೆ ನಗು ಬರಲಿಲ್ಲ. ಭುಜ ಹಿಡಿದು ತಿರುಗಿಸಲು ಹೋದರೆ ಮೊಣಕೈಯಿಂದ ತಿವಿದ. ಇನ್ನೊಂದು ದಿನ ಉತ್ತರದ ಬೀರುವಿನ ಕಡೆ, ಮತ್ತೊಂದು ದಿನ ದಕ್ಷಿಣದ ಬೀದಿಬಾಗಿಲ ಕಡೆ. ತಪ್ಪಿ ಕೂಡ ಪಶ್ಚಿಮಕ್ಕೆ ತಿರುಗಲಿಲ್ಲ.

ನೋಡಿದವರು ಏನೆಂದಾರು ಎಂದು ಅವಳು ಕಿಟಕಿ ಮುಚ್ಚಿದಳು, ಬಾಗಿಲ ಚಿಲಕ ಹಾಕಿದಳು, ಐದು ಹೊತ್ತೂ ಕಾವಲು ಕೂತಳು. ಇಷ್ಟಾದರೂ ಹಬ್ಬಕ್ಕೆ ಬಂದ ನಾದಿನಿಯ ಕಣ್ಣು ತಪ್ಪಿಸಲಾಗಲಿಲ್ಲ. "ದೇವರೇ ನಮ್ಮಣ್ಣನ ಮುಖ ತಿರುಗಿಸ್ಬಿಟ್ಟಿದ್ದಾನೆ," ಎಂದು ಆಕೆ ಲೊಚಗುಟ್ಟಿ ಹೋದಳು. ಆಕೆಗೇನು, ಹೇಳಿ ಬಸ್ಸು ಹತ್ತಿದಳು. ಖಾಜಾಬೀಯ ನಿದ್ದೆ ಮಾತ್ರ ಅಂದಿನಿಂದ ಕೆಟ್ಟಿತು. ಜೀವಮಾನವಿಡೀ ಒಂದು ಹೊತ್ತು ತಪ್ಪಿಸದ ಮನುಷ್ಯ, ಕೊನೆಗಾಲದಲ್ಲಿ ನಮಾಜೇ ಇಲ್ಲದವನ ಹಾಗೆ ಹೋಗಬೇಕಾಗುತ್ತದಲ್ಲ ಎಂಬ ಸಂಕಟ ಅವಳನ್ನು ಒಳಗೇ ತಿನ್ನುತ್ತಿತ್ತು.

*

"ಯಾವ್ಯಾವ ಕಡೆ ತಿರುಗ್ತಿದ್ದ?" ಅಂಗಳದ ಮೂಲೆಯಿಂದ ಒಂದು ದನಿ ಕೇಳಿತು.

ಷಡಕ್ಷರಪ್ಪ. ಶಿವಮೊಗ್ಗದ ರವೀಂದ್ರನಗರದಿಂದ ಸುದ್ದಿ ಕೇಳಿದ ಕೂಡಲೇ ಬಸ್ಸು ಹತ್ತಿ ಬಂದಿದ್ದ. ಪ್ರಾಯದಲ್ಲಿ ಇವನೂ ಖಾಜಾ ಪೀರನೂ ಇದೇ ಊರಲ್ಲಿ ಫಿಟ್ಟರ್ ಕೆಲಸ ಕಲಿತು, ಮುಂಬಯಿಗೆ ಹೋಗಿ, ಒಂದೇ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ವರ್ಷಗಟ್ಟಲೆ ಎಣ್ಣೆ ಮೆತ್ತಿಕೊಂಡವರು.

"ಅಡುಗೆಮನೆ ಕಡೆ, ಬೀರು ಕಡೆ, ಬಾಗಿಲ ಕಡೆ. ಇವತ್ತು ಇದ್ದಂಗೆ ನಾಳೆ ಇಲ್ಲ, ಷಡಕ್ಷರಣ್ಣ."

"ನಿಂತ್ಕೊಳ್ಳೋ ಮುಂಚೆ ಏನಾದ್ರೂ ಅಂತಿದ್ನಾ?"

ಈಗ ಪರದೆಯ ಹಿಂದೆ ಸೊಸೆ ಸಿದ್ರಾಳ ದನಿ. "ಊರಿನ ಹೆಸರು ಹೇಳ್ತಿದ್ರು ಚಾಚಾ. ಅಡುಗೆಮನೆ ಕಡೆ ನಿಂತ್ರೆ, ಪೋರ್ಟ್ ಸುಡಾನ್ ಬಂತು ಅಂತಿದ್ರು. ಇಲ್ಲಾಂದ್ರೆ ಜೆದ್ದಾ. ಹಡಗಿನ ಹಳೇ ಹುಚ್ಚು ಅಂತ ನಾವು ಸುಮ್ನಿರ್ತಿದ್ವಿ."

"ಬೀರು ಕಡೆ ನಿಂತಾಗ?"

"ಹುದೈದಾ. ಮಸಾವಾ ಅಂತಾನೂ ಅಂತಿದ್ರು."

ಷಡಕ್ಷರಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಬಾಗಿಲ ಕಡೆ ನಿಂತಾಗ ಸೂಯೆಜ್. ಹೌದಾ?"

"ಹೌದು! ನಿಮಗೆ ಹೆಂಗೆ ಗೊತ್ತಾಯ್ತು?"

"ಅಯ್ಯೋ, ಖಾಜಾಬೀ! ನಿನ್ನ ಗಂಡ ಇಲ್ಲಿ ಇರ್ಲೇ ಇಲ್ಲ ಮಾರಾಯ್ತಿ, ಕೆಂಪು ಸಮುದ್ರದಲ್ಲಿದ್ದ." ಅವನು ಎರಡೂ ಅಂಗೈಗಳನ್ನು ಹತ್ತಿರ ಹತ್ತಿರ ಎದುರುಬದುರು ಹಿಡಿದ. "ಆ ಸಮುದ್ರ ನಮ್ಮ ಭದ್ರಾ ನಾಲೆ ಥರ, ಉದ್ದಕ್ಕೆ ಕಿರಿದಾಗಿ ಇದೆ. ಈ ದಡದಲ್ಲಿ ಸುಡಾನ್, ಅದರ ಕೆಳಗೆ ಎರಿಟ್ರಿಯಾದ ಮಸಾವಾ. ಆ ದಡದಲ್ಲಿ ಸೌದಿಯ ಜೆದ್ದಾ, ಕೆಳಗೆ ಯೆಮನ್ನಿನ ಹುದೈದಾ. ಮೇಲ್ಗಡೆ ತುದೀಲಿ ಈಜಿಪ್ಟಿನ ಸೂಯೆಜ್. ನಿಮ್ಮ ಮಕ್ಕಾ ಸೌದಿ ದಡದಿಂದ ಸ್ವಲ್ಪ ಒಳಗೆ, ನಡೂಮಧ್ಯ. ಸುಡಾನಲ್ಲೋ ಜೆದ್ದಾದಲ್ಲೋ ನಿಂತವನಿಗೆ ಅದು ಹೆಚ್ಚುಕಡಿಮೆ ಪೂರ್ವಕ್ಕೆ, ಯೆಮನ್ನಲ್ಲಿ ಉತ್ತರಕ್ಕೆ, ಸೂಯೆಜ್‌ನಲ್ಲಿ ದಕ್ಷಿಣಕ್ಕೆ. ಬಂದರು ಬದಲಾದಂಗೆ ಇವನ ಚಾಪೆನೂ ತಿರುಗೋದು. ಗಡಿಯಾರದ ಮುಳ್ಳು ಬಂತು ಅಂತ ನಾವೆಲ್ಲ ರೇಗಿಸ್ತಿದ್ವಿ. ಒಂದಿನಾನೂ ತಪ್ಪಿದವನಲ್ಲ ಅವನು."

ಹಜರತ್ ಮುಖ ಅರಳಿತು. "ಹಂಗಾದ್ರೆ ಅವರು ಮಕ್ಕಾ ಮರೆತಿಲ್ಲ ಅಮ್ಮಾ, ಭದ್ರಾವತಿ ಮರೆತಿದ್ರು ಅಷ್ಟೆ. ತಾನಿದ್ದೀನಿ ಅಂದ್ಕೊಂಡ ಜಾಗದಿಂದ ಸರಿಯಾದ ದಿಕ್ಕನ್ನೇ ಹುಡುಕಿ ನಿಂತಿದ್ದಾರೆ. ಆ ನಮಾಜ್ ಆಗಿದೆ. ಎಲ್ಲಾನೂ ಆಗಿದೆ."



"ಅಂದ್ರೆ, ತಪ್ಪು ದಿಕ್ಕಿಗೆ ತಿರುಗಿಸ್ತಿದ್ದವಳು ನಾನೇ?" ಎಂದಳು ಖಾಜಾಬೀ. "ಅದಕ್ಕೇ ತಿವಿದಿದ್ದು!"

ಅವಳು ನಕ್ಕಳೋ ಅತ್ತಳೋ ಹೊರಗಿದ್ದವರಿಗೆ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದಿತ್ತು. "ಕರ್ಕೊಂಡು ಹೋಗಿ ಇನ್ನು, ಹೊತ್ತಾಯ್ತು," ಎಂದಳು.

*

ಗೋರಿಯೊಳಗೆ ಹಸ್ನೈನ್ ತಾನೇ ಇಳಿದು ಅಪ್ಪನ ಮುಖವನ್ನು ಪಶ್ಚಿಮಕ್ಕೆ ವಾಲಿಸಿ, ಮತ್ತೆ ಹೊರಳದಂತೆ ಬೆನ್ನ ಹಿಂದೆ ಮಣ್ಣಿನ ಹೆಂಟೆ ಒತ್ತಿಟ್ಟಿದ್ದ. ಅದನ್ನು ಅಮ್ಮನಿಗೆ ಮೊದಲು ಹೇಳಬೇಕೆಂದು ಕೈಯ ಮಣ್ಣೂ ತೊಳೆಯದೆ ಮನೆಯೊಳಗೆ ಬಂದ.

ಒಳಕೋಣೆಯಲ್ಲಿ ಹೆಂಗಸರು ಗೋಡೆಗೊರಗಿ ಉಸಿರು ಬಿಗಿಹಿಡಿದು ಕೂತಿದ್ದರು. ನಡುವೆ ಖಾಜಾಬೀ ಅದೇ ನಾದಿನಿಯ ತೊಡೆಯ ಮೇಲೆ ತಲೆಯಿಟ್ಟು, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದಳು. ಅಷ್ಟರಲ್ಲಿ ದೂರದೂರಿನ ಇಬ್ಬರು ಹೆಂಗಸರು ಹೊಸ್ತಿಲಲ್ಲೇ ಗೊಳೋ ಎಂದು ಅಳಲು ಬಾಯಿ ತೆರೆದರು. ನಾದಿನಿ ಕಣ್ಣು ಕೆಂಪಗೆ ಮಾಡಿ, ತುಟಿಯ ಮೇಲೆ ಬೆರಳಿಟ್ಟು ಅವರನ್ನು ಸುಮ್ಮನಾಗಿಸಿದಳು. ಇನ್ನೊಂದು ಕೈಯಿಂದ ಸೆರಗಿನಲ್ಲಿ ಖಾಜಾಬೀಗೆ ಗಾಳಿ ಬೀಸುತ್ತಲೇ ಇದ್ದಳು.